ಹೆಳವ ಬಿಟ್ಟ ಹೆಸರು

ಜಯದೇವಿಗೆ ತನ್ನ ತವರಿನ ಏಳು ತಲೆಮಾರಿನ ಹೆಸರುಗಳು ಬಾಯಿಪಾಠ. ಒಟ್ಟು ನೂರಾ ಹನ್ನೆರಡು. ಕಲಬುರಗಿಯ ಶರಣಬಸವೇಶ್ವರ ಗುಡಿಯ ಹಿಂದಿನ ಓಣಿಯಲ್ಲಿ ಆಕೆ ನಸುಕಿನಲ್ಲೇ ಎದ್ದು, ಹಣೆಗೆ ವಿಭೂತಿ ಹಚ್ಚಿ, ಲಿಂಗಪೂಜೆ ಮುಗಿಸಿ ರೊಟ್ಟಿ ಬಡಿಯಲು ಕೂತಳೆಂದರೆ ಒಂದು ರೊಟ್ಟಿಗೆ ಒಂದು ಹೆಸರು. ಹಾಸ್ಟೆಲಿಗೆ, ಖಾನಾವಳಿಗೆ ಹೋಗುವ ರೊಟ್ಟಿಗಳು ಅವು. ತುಟಿ ಅಲ್ಲಾಡುವುದನ್ನು ಕಂಡ ಓಣಿಯ ಹೆಂಗಸರು, ಈಕೆ ಎಂಥ ಭಕ್ತೆ, ರೊಟ್ಟಿ ಬಡಿಯುವಾಗಲೂ ನಾಮಸ್ಮರಣೆ ಬಿಡುವುದಿಲ್ಲ ಎನ್ನುತ್ತಿದ್ದರು. ಜಯದೇವಿ ಭಕ್ತೆ ಹೌದು. ಆದರೆ ಆ ಹೊತ್ತಿನಲ್ಲಿ ಆಕೆ ನೆನೆಯುತ್ತಿದ್ದದ್ದು ದೇವರನ್ನಲ್ಲ. ತನ್ನ ಕಾಕನ ಮನೆಯವರನ್ನು. ಅಂಗೈ ಹಿಟ್ಟಿನ ಮೇಲೆ ಬೀಳುವ ಸಪ್ಪಳ ಕೇಳಿದವರಿಗೆ ಅದು ಗೊತ್ತಾಗಬೇಕಿತ್ತು.

ಆ ಸಿಟ್ಟಿಗೆ ಐವತ್ತು ವರ್ಷ.

ಆಗ ಆಕೆಗೆ ಹತ್ತು ವರ್ಷ. ಕಮಲಾಪುರದ ಮನೆ. ತಂದೆ ದೇವೀಂದ್ರಪ್ಪ ತೀರಿ ಒಂದು ವರ್ಷವಾಗಿತ್ತು. ತಂದೆಯ ತಮ್ಮ ಗುರುಲಿಂಗಪ್ಪ ಮನೆಯ ಯಜಮಾನನಾಗಿದ್ದ. ಸುಗ್ಗಿ ಮುಗಿದು ಜೋಳ ಅಂಗಳಕ್ಕೆ ಬಂದಾಗ ಹೆಳವ ಬಂದ. ಹೆಳವ ಬರುವುದೆಂದರೆ ಮನೆಯ ಸತ್ತವರೆಲ್ಲ ಒಮ್ಮೆ ಎದ್ದು ಬಂದಂತೆ. ಎತ್ತಿನ ಮೇಲೆ ಕೂತು, ಗಂಟೆ ಬಾರಿಸುತ್ತ ಬಂದು, ಮನೆತನದ ಮೂಲಪುರುಷನಿಂದ ಹಿಡಿದು ನಿನ್ನೆ ಹುಟ್ಟಿದ ಕೂಸಿನವರೆಗೆ ಹೆಸರು ಹೆಣೆದು ಹಾಡಿದಂತೆ ಹೇಳುತ್ತಾನೆ. ಅವನ ಬಾಯಲ್ಲಿ ಬಂದವರು ಮನೆತನದವರು, ಬಾರದವರು ಅಲ್ಲ. ಊರಿನ ಪಂಚರೂ ಇದಕ್ಕೆ ಎದುರಾಡುತ್ತಿರಲಿಲ್ಲ.

ಜಯದೇವಿ ಕಂಬ ಹಿಡಿದು ನಿಂತು ತನ್ನ ಹೆಸರಿಗಾಗಿ ಕಾಯುತ್ತಿದ್ದಳು. ಅವ್ವ ಮಾನಮ್ಮ ಅಂಗಳದ ಮೂಲೆಯಲ್ಲಿ ಮೊರ ಹಿಡಿದು ಜೋಳ ಕೇರುತ್ತಿದ್ದಳು. ಹೆಳವ ಈಗ ಜಯದೇವಿಯ ಅಜ್ಜ ಬಸಲಿಂಗಪ್ಪನ ಹೆಸರಿಗೆ ಬಂದ. "ಬಸಲಿಂಗಪ್ಪನ ಹಿರೇಮಗ ದೇವೀಂದ್ರಪ್ಪ. ದೇವೀಂದ್ರಪ್ಪನ ಬಳ್ಳಿ ಅಲ್ಲಿಗೇ ನಿಂತದ. ಕಿರೇಮಗ ಗುರುಲಿಂಗಪ್ಪ, ಅವನ ಮಗ ಸೂರ್ಯಕಾಂತ..."

"ಅವ್ವಾ, ನಮ್ಮ ಹೆಸರು ಬಿಟ್ಟಾನ" ಎಂದಳು ಜಯದೇವಿ, ಸಣ್ಣ ದನಿಯಲ್ಲಿ.

ಕಟ್ಟೆಯ ಮೇಲಿದ್ದ ಕಾಕನಿಗೆ ಅದು ಕೇಳಿತು. "ಉಡಿಕಿ ಹೆಂಗಸಿನ ಹೆಸರು ಹೆಳವ ಹ್ಯಾಂಗ ಹೇಳ್ತಾನವ್ವ? ಅವನ ನಾಲಿಗಿ ಮೈಲಿಗಿ ಆಗಂಗಿಲ್ಲೇನು?"

ಅಂಗಳ ನಕ್ಕಿತು. ಜಯದೇವಿ ಎಣಿಸಿದಳು. ಹನ್ನೊಂದು ಮಂದಿ ನಕ್ಕರು.

ಉಡಿಕಿ ಅಂದರೆ ಗಂಡ ಸತ್ತ ಹೆಣ್ಣಿಗೆ ಹೊಸ ಸೀರೆ ಉಡಿಸಿ, ವಾಲಗ ಹಂದರವಿಲ್ಲದೆ ಮನೆ ತುಂಬಿಸಿಕೊಳ್ಳುವ ಮದುವೆ. ಮದುವೆಯೇ ಅದು. ಹಿರಿಯರ ಎದುರಿಗೇ ಆಗುವುದು. ಮಾನಮ್ಮ ಇಪ್ಪತ್ತಕ್ಕೆ ವಿಧವೆಯಾದವಳು. ಮೊದಲ ಹೆಂಡತಿಯನ್ನು ಕಳೆದುಕೊಂಡಿದ್ದ ದೇವೀಂದ್ರಪ್ಪ ಆಕೆಯನ್ನು ಹಾಗೆ ತಂದಿದ್ದ. ಅವನು ಇರುವವರೆಗೆ ಯಾರೂ ಸೊಲ್ಲೆತ್ತಲಿಲ್ಲ. ಅವನು ಹೋದ ಮೇಲೆ ಮಾನಮ್ಮ ಹೆಂಡತಿಯಲ್ಲ, ಮನೆಗೆಲಸಕ್ಕೆ ಬಂದವಳು ಎಂದಾಯಿತು. ಬಳ್ಳಿ ನಿಂತವನ ಹೊಲ ತಮ್ಮನದಾಯಿತು.

ಮಾನಮ್ಮ ಆ ಹೊತ್ತಿಗೂ ಮೊರ ನಿಲ್ಲಿಸಲಿಲ್ಲ. ಎಂಟು ದಿನದ ಮೇಲೆ ಮಗಳನ್ನು ಕರೆದುಕೊಂಡು ಬಸ್ಸು ಹತ್ತಿ ಕಲಬುರಗಿಗೆ ಬಂದಳು. ದಾಲ್ ಮಿಲ್ಲಿನಲ್ಲಿ ಬೇಳೆ ಆರಿಸುತ್ತ ಇಪ್ಪತ್ತೆರಡು ವರ್ಷ ತೆಗೆದಳು. ಕಮಲಾಪುರದ ಮಾತು ಒಮ್ಮೆಯೂ ಎತ್ತಲಿಲ್ಲ. ಕೊನೆಯ ಬೇನೆಯಲ್ಲಿ ಮಾತ್ರ ಒಂದು ಮಧ್ಯಾಹ್ನ ಮಗಳ ಕೈ ಹಿಡಿದು ಕೇಳಿದಳು. "ಜಯಾ, ಹೆಳವ ಸುಳ್ಳು ಹೇಳಂಗಿಲ್ಲ ಅಂತಾರ. ನಾ ನಿಮ್ಮಪ್ಪನ ಹೆಂಡತಿ ಹೌದಲ್ಲ?"

ನಕ್ಕ ಹನ್ನೊಂದು ಮಂದಿಯನ್ನು ಜಯದೇವಿ ಹೇಗೋ ಸಹಿಸಿದ್ದಳು. ಈ ಪ್ರಶ್ನೆಯನ್ನು ಸಹಿಸಲಾಗಲಿಲ್ಲ. ಹದಿನಾರು ವರ್ಷ ಬಾಳಿಸಿದ ಗಂಡನನ್ನು ಅವ್ವ ಸಾಯುವ ಹೊತ್ತಿಗೆ ಅನುಮಾನಿಸುವಂತೆ ಮಾಡಿದ್ದರು. ಅವ್ವನನ್ನು ಮಣ್ಣು ಮಾಡಿ ಬಂದ ದಿನ ಆಕೆ ಗುಡಿಯ ಮೆಟ್ಟಿಲ ಮೇಲೆ ಕೂತು ಶರಣಬಸಪ್ಪನಿಗೆ ಹೇಳಿಕೊಂಡಳು. ಅದೇ ಅಂಗಳದಲ್ಲಿ, ನಕ್ಕವರ ಎದುರಿಗೆ, ಹೆಳವನ ಬಾಯಿಂದಲೇ ನಮ್ಮವ್ವನ ಹೆಸರು ಹೇಳಿಸುತ್ತೇನೆ. ಅಲ್ಲಿಯವರೆಗೆ ನನ್ನ ಉಸಿರು ನಿಲ್ಲಿಸಬೇಡ. ಬೇರೇನೂ ಬೇಡಲಿಲ್ಲ. ಕ್ಷಮಿಸುವ ಬುದ್ಧಿಯನ್ನಂತೂ ಬೇಡಲಿಲ್ಲ.

ಮೂರು ವರ್ಷದ ಮೇಲೆ, ತಾಜಸುಲ್ತಾನಪುರದ ಆಚೆಯ ಬಯಲಿನಲ್ಲಿ ಹೆಳವರ ಡೇರೆ ಬಿದ್ದಿದೆ ಎಂದು ಸುದ್ದಿ ಬಂತು. ಜಯದೇವಿ ಐವತ್ತು ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಂಡು ಹೋದಳು. ಅಂದಿನ ಹೆಳವ ಸತ್ತು ಹೋಗಿದ್ದ. ಅವನ ಮಗ ಮಹಾದೇವ ಸಿಕ್ಕ. ರೊಟ್ಟಿ ತೆಗೆದುಕೊಂಡ. ಕೇಳಿದ್ದಕ್ಕೆ ಮಾತ್ರ ತಲೆಯಾಡಿಸಿದ.

"ಮನಿತನದ ಮಾತು ಬಯಲಾಗ ಹೇಳಂಗಿಲ್ಲ ತಾಯಿ. ಆ ಮನಿತನದವರ ಹೊಸ್ತಿಲ ಮುಂದ ನಿಂತು ಹೇಳಬೇಕು."

"ನಾನೂ ಆ ಮನಿಯಾಕೀನೇ ಅದೀನಿ."

"ಎಲ್ಲಾರೂ ಹಂಗೇ ಅಂತಾರ" ಎಂದು ಅವನು ಹಿಂಡಿಯ ಡಬ್ಬಿಯನ್ನು ಹೆಂಡತಿಗೆ ದಾಟಿಸಿದ.

ಜಯದೇವಿ ಮರುವರ್ಷವೂ ಹೋದಳು. ಅದರ ಮರುವರ್ಷವೂ. ಕೇಳುವುದನ್ನು ಬಿಟ್ಟಳು. ಅವರ ಎತ್ತಿನ ಕಾಲುಬೇನೆ, ಮಗಳ ಬಾಣಂತನ, ಊರೂರ ಜಗಳ, ಎಲ್ಲ ಕೇಳಿಸಿಕೊಂಡು ಸುಮ್ಮನೆ ಬಂದಳು. ನಾಲ್ಕನೆಯ ವರ್ಷ ಮಹಾದೇವ ತಾನಾಗಿಯೇ ಬಂದ. ಗಂಟೆಯ ಸಪ್ಪಳಕ್ಕೆ ಆಕೆ ಹಿಟ್ಟಿನ ಕೈಯಲ್ಲೇ ಹೊರಗೆ ಬಂದರೆ, ಬಾಡಿಗೆ ಮನೆಯ ಹೊಸ್ತಿಲೆದುರು ಎತ್ತು ನಿಂತಿತ್ತು.

ಮಹಾದೇವ ಬಟ್ಟೆ ಸುತ್ತಿದ ಹಳೆಯ ಹೊತ್ತಿಗೆ ಬಿಚ್ಚಿದ. ಅವನ ತಂದೆಯ ಕೈಬರಹ. ದೇವೀಂದ್ರಪ್ಪನ ಹೆಸರಿನ ಕೆಳಗೆ ಸ್ಪಷ್ಟವಾಗಿ ಬರೆದಿತ್ತು. ಹೆಂಡತಿ ಮಾನಮ್ಮ, ಉಡಿಕಿ. ಮಗಳು ಜಯದೇವಿ.

"ಮತ್ತ ನಿಮ್ಮಪ್ಪ ಯಾಕ ಹೇಳಲಿಲ್ಲ?"

"ಬರದದ್ದು ನಾವು ಅಳಸಂಗಿಲ್ಲ. ಆದರ ಬಾಯಿಲೆ ಹೇಳೋದು ಕಾಣಿಕಿ ಕೊಟ್ಟವರ ಮಾತಿನಂಗ. ಕೊಟ್ಟವರು ಬ್ಯಾಡಂದದ್ದು ಬಿಡ್ತೀವಿ. ಅವತ್ತು ನಿಮ್ಮ ಕಾಕಾ ನಮ್ಮಪ್ಪಗ ಎರಡು ಬಿಡು ಅಂದಿದ್ದ."

"ಎರಡಾ?"

ಮಹಾದೇವನ ಬೆರಳು ಒಂದು ಸಾಲು ಮೇಲೆ ಹೋಯಿತು. ಬಸಲಿಂಗಪ್ಪನ ಮೊದಲ ಹೆಂಡತಿ ದೇವೀಂದ್ರಪ್ಪನನ್ನು ಹೆತ್ತು ಸತ್ತಳು. ಎರಡನೆಯ ಹೆಂಡತಿ ಭಾಗಮ್ಮ, ಉಡಿಕಿ. ಅವಳ ಮಗ ಗುರುಲಿಂಗಪ್ಪ.

ಜಯದೇವಿ ಆ ಸಾಲನ್ನು ಮೂರು ಸಲ ಓದಿದಳು. ಉಡಿಕಿ ಹೆಂಗಸು ಎಂದು ಅವ್ವನನ್ನು ಹೀಯಾಳಿಸಿದ ಕಾಕ ತಾನೇ ಉಡಿಕಿಯ ಮಗ. ತನ್ನ ತಾಯಿಯ ಗುರುತನ್ನು ಮುಚ್ಚಿ, ಅಣ್ಣನ ಹೆಂಡತಿಯ ಹೆಸರನ್ನೇ ಮುಚ್ಚಿದ್ದ, ಒಂದೇ ದಿನ, ಒಂದೇ ಕಾಣಿಕೆಯಲ್ಲಿ. ಆಕೆಗೆ ಅಳು ಬರಲಿಲ್ಲ. ಒಲೆಯ ಮೇಲೆ ರೊಟ್ಟಿ ಸೀದು ಹೋಗುವವರೆಗೆ ಅಲ್ಲೇ ಕೂತಿದ್ದಳು.

ಆಮೇಲೆ ಇಪ್ಪತ್ತು ವರ್ಷ ಸುಮ್ಮನಿದ್ದಳು ಎಂದರೆ ತಪ್ಪಾಗುತ್ತದೆ. ಮನೆತನದ ಹೆಣ್ಣುಮಕ್ಕಳನ್ನು ಯಾವ ಯಾವ ಊರಿಗೆ ಕೊಟ್ಟಿದ್ದಾರೆಂದು ಹುಡುಕುತ್ತ ಆಳಂದ, ಚಿಂಚೋಳಿ, ಹುಮನಾಬಾದಿನ ಹಳ್ಳಿಗಳನ್ನು ಬಸ್ಸಿನಲ್ಲಿ ಸುತ್ತಿದಳು. ಮುದುಕಿಯರ ಹತ್ತಿರ ಕೂತು, ಅವರು ಸೊಸೆಯಂದಿರನ್ನು ಬೈಯುವುದನ್ನೆಲ್ಲ ಕೇಳಿಸಿಕೊಂಡು, ನಡುವೆ ಉದುರುವ ಒಂದು ಹೆಸರು, ಒಂದು ಊರು ಹೆಕ್ಕಿಕೊಂಡು ಬಂದಳು. ಹೆಳವನ ಹೊತ್ತಿಗೆಯಲ್ಲಿ ಇಲ್ಲದವರನ್ನೂ ಸೇರಿಸಿ ನಾಲ್ಕು ನೋಟುಬುಕ್ಕು ತುಂಬಿಸಿದಳು. ಗಂಡ ತೀರಿಕೊಂಡ ವರ್ಷ ಮಾತ್ರ ತಿರುಗಾಟ ನಿಂತಿತ್ತು. ಸೇಡಂಗೆ ಕೊಟ್ಟ ಮಗಳು ಬಂದಾಗಲೆಲ್ಲ ಹೇಳುತ್ತಿದ್ದಳು. "ಹೋಗ್ಲಿ ಬಿಡವ್ವ, ಆ ಗುರುಲಿಂಗಪ್ಪ ಅಜ್ಜನೂ ಸತ್ತು ಹೋದ."

"ಅವಾ ಸತ್ತಾನ. ನಕ್ಕವರು ಇನ್ನೂ ಅದಾರ" ಎನ್ನುತ್ತಿದ್ದಳು ಜಯದೇವಿ.

ಕಾದದ್ದು ಕಳೆದ ವರ್ಷ ಮನೆ ಬಾಗಿಲಿಗೇ ಬಂತು. ಗುರುಲಿಂಗಪ್ಪನ ಮಗ ಸೂರ್ಯಕಾಂತ, ಅವನ ಮಗಳು ಮಲ್ಲಿಕಾ, ಒಂದು ಗೊನೆ ಕಮಲಾಪುರದ ಕೆಂಪು ಬಾಳೆಹಣ್ಣು. ಸೂರ್ಯಕಾಂತ ಅರವತ್ತು ದಾಟಿದವನು, ಗರಿಗರಿ ಇಸ್ತ್ರಿಯ ಬಿಳಿ ಅಂಗಿ. ಮಲ್ಲಿಕಾ ಕಾಲೇಜಿನಲ್ಲಿ ಪಾಠ ಹೇಳುತ್ತಾಳೆ. ಜಯದೇವಿ ಅವರನ್ನು ರೊಟ್ಟಿ ಆರಹಾಕುವ ಹೊರಸಿನ ಮೇಲೆ ಕೂರಿಸಿದಳು.

"ಆರಾಮ ಅದೀ ಏನವ್ವ ತಂಗಿ? ಎಷ್ಟು ವರ್ಷಾತು ನೋಡು" ಎಂದ ಸೂರ್ಯಕಾಂತ.

"ನಲವತ್ತೊಂಬತ್ತು ವರ್ಷ, ಎಂಟು ತಿಂಗಳು. ಚಾ ಕುಡೀತಿ ಏನಣ್ಣ?"

ಮಲ್ಲಿಕಾ ವಿಷಯ ಹೇಳಿದಳು. ಅಜ್ಜನಿಗೆ ನೂರು ವರ್ಷ ತುಂಬುವ ನೆನಪಿಗೆ ಕಮಲಾಪುರದಲ್ಲಿ ದೊಡ್ಡ ಕಾರ್ಯಕ್ರಮ. ಮನೆತನದ ಒಂದು ಪುಸ್ತಕ ಮಾಡಿಸಬೇಕು. ಆದರೆ ಅಜ್ಜನ ಅಪ್ಪನ ಮೇಲೆ ಯಾರ ಹೆಸರೂ ಯಾರಿಗೂ ಗೊತ್ತಿಲ್ಲ. ಹೆಳವರು ಮೂರು ವರ್ಷದಿಂದ ಬಂದಿಲ್ಲ.

"ಯಾಕ ಬಂದಿಲ್ಲ?" ಎಂದಳು ಜಯದೇವಿ, ಗೊತ್ತಿದ್ದೂ.

ಸೂರ್ಯಕಾಂತ ಕೆಮ್ಮಿದ. "ಗೇಟಿನ ಮಂದಿಗೆ ತಿಳೀಲಿಲ್ಲ. ಭಿಕ್ಷಾ ಬೇಡಾಂವ ಅಂತ ಹೊರಗ ಕಳಿಸ್ಯಾರ."

"ಅತ್ತಿ, ನಿಮ್ಮ ಹತ್ರ ಎಲ್ಲಾ ಬರದಿದ್ದು ಅದ ಅಂತ ಕೇಳ್ದೆ" ಎಂದಳು ಮಲ್ಲಿಕಾ.

"ಅದ. ಆದರ ನಾ ಬರದದ್ದು ಯಾರು ನಂಬ್ತಾರವ್ವ? ಹೆಳವನ್ನ ಕರಸ್ತೀನಿ. ನಿಮ್ಮ ಅಂಗಳದಾಗ ಅವನೇ ಹೇಳಲಿ. ಬೇಕಾದ್ರ ನೀ ವಿಡಿಯೋ ಮಾಡಿಕೋ. ಒಂದೇ ಮಾತು. ಮೊದಲಿಂದ ಕಡೀತನಕ ಹೇಳಬೇಕು, ಯಾರನ್ನೂ ಬಿಡಬಾರದು."

ಸೂರ್ಯಕಾಂತ ನಕ್ಕ. ಅವನು ಅವತ್ತು ಅಂಗಳದಲ್ಲಿದ್ದ ಹದಿಮೂರು ವರ್ಷದ ಹುಡುಗ, ನಕ್ಕವರಲ್ಲಿ ಒಬ್ಬ. ನಗು ಬದಲಾಗಿರಲಿಲ್ಲ. "ನಿಮ್ಮವ್ವನ ಹೆಸರು ಸೇರಸಬೇಕು, ಅಷ್ಟೇ ಅಲ್ಲ? ಸೇರಸೋಣು. ಈಗಿನ ಕಾಲದಾಗ ಅದನ್ನ ಯಾರು ಕೇಳ್ತಾರ?"

"ಆಣಿ ಮಾಡು."

ಅವನು ಆಕೆಯ ದೇವರ ಗೂಡಿನ ವಿಭೂತಿ ಮುಟ್ಟಿ ಆಣೆ ಮಾಡಿದ. ಒಬ್ಬರನ್ನೂ ಬಿಡದಂಗ ಹೇಳಲಿ ಎಂದ. ಏಳುವಾಗ ಕಿಸೆಗೆ ಕೈ ಹಾಕಿ, ಹೆಳವನಿಗೆ ಏನು ಕೊಡಬೇಕಾಗುತ್ತದೆ ಎಂದು ಕೇಳಿದ.

"ಅದು ಬ್ಯಾಡಣ್ಣ. ಕಾಣಿಕಿ ನಂದಿರಲಿ. ತವರಿಗೆ ನಾ ಏನ ಕೊಟ್ಟೀನಿ?"

ಸೂರ್ಯಕಾಂತನಿಗೆ ಇದು ಹಿತವೆನಿಸಿತು. ಕಾಣಿಕೆ ಕೊಟ್ಟವರ ಮಾತೇ ಹೆಳವನ ಬಾಯಲ್ಲಿ ನಡೆಯುತ್ತದೆಂದು ಅವನ ಅಪ್ಪನಿಗೆ ಗೊತ್ತಿತ್ತು. ಅಪ್ಪ ಮಗನಿಗೆ ಹೇಳಿರಲಿಲ್ಲ. ಹೇಳಬೇಕಿದ್ದರೆ ಅದು ಹೇಗೆ ಗೊತ್ತು ಎಂಬುದನ್ನೂ ಹೇಳಬೇಕಾಗುತ್ತಿತ್ತು.

ನಕ್ಕ ಹನ್ನೊಂದು ಮಂದಿಯಲ್ಲಿ ನಾಲ್ವರು ಉಳಿದಿದ್ದರು. ಸೂರ್ಯಕಾಂತ, ಅವನ ತಾಯಿ, ಪಕ್ಕದ ಮನೆಯ ಬಡಿಗ ಮೌನೇಶ, ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಬಟ್ಟೆ ಅಂಗಡಿ ಇಟ್ಟವರ ಮನೆಯ ದೂರದ ಸಂಬಂಧದ ಒಬ್ಬ ಸೋದರತ್ತೆ. ಉಳಿದ ಬಳಗವನ್ನು ಸೂರ್ಯಕಾಂತ ಕರೆದ. ಬಡಿಗನನ್ನೂ ಅತ್ತೆಯನ್ನೂ ಜಯದೇವಿಯೇ ಹೋಗಿ ಕರೆದಳು. ಅತ್ತೆಗೆ ಮೊಣಕಾಲು ನೋವು, ಬರುವುದಿಲ್ಲ ಎಂದಳು.

"ಆಟೋ ಅಲ್ಲ ಅತ್ತಿ, ಕಾರೇ ತರ್ತೀನಿ. ಮುಂದಿನ ಸೀಟಿನಾಗ ಕೂಡಸ್ತೀನಿ" ಎಂದಳು ಜಯದೇವಿ.

"ನನ್ನ ಮ್ಯಾಲ ಎಷ್ಟು ಅಂತಃಕರಣ ಅದ ನಿನಗ" ಎಂದು ಮುದುಕಿ ಕಣ್ಣೊರೆಸಿಕೊಂಡಳು.

ಕಾರ್ಯಕ್ರಮಕ್ಕೆ ನಾಲ್ಕು ದಿನ ಉಳಿದಿರುವಾಗ ಮಹಾದೇವ ಫೋನು ಮಾಡಿದ. "ತಾಯಿ, ಮಾನಮ್ಮನ ಮಾತು ಸರಿ. ಭಾಗಮ್ಮನ ಉಡಿಕಿ ಮಾತೂ ಹೇಳ್ಲೇನು? ಕಾಣಿಕಿ ನಿಮ್ಮದು. ನೀವು ಹೇಳಿದಂಗ."

ಇಪ್ಪತ್ತು ವರ್ಷದಿಂದ ಆ ಉತ್ತರ ಆಕೆಯ ನಾಲಿಗೆಯ ತುದಿಯಲ್ಲಿತ್ತು. ಆದರೂ ಸಂಜೆಗೆ ಹೇಳುತ್ತೇನೆ ಎಂದು ಫೋನಿಟ್ಟಳು. ಅಂದು ಸೋಮವಾರ. ಗುಡಿಗೆ ಹೋಗಿ ಕಂಬದ ಬುಡದಲ್ಲಿ ಕೂತಳು. ಕಣ್ಣು ಮುಚ್ಚಿದರೆ ಶರಣಬಸಪ್ಪ ಕಾಣಲಿಲ್ಲ. ಹಳೆಯ ಮನೆಯ ಹೊಸ್ತಿಲ ಒಳಗೆ ಗೋಡೆಗೊರಗಿ ಕೂತ ಅಜ್ಜಿ ಭಾಗಮ್ಮ ಕಂಡಳು. ಅವತ್ತು ಅಜ್ಜಿಯೂ ಅಲ್ಲೇ ಇದ್ದಳು. ಮಗ ಆ ಮಾತನ್ನು ಬೈಗಳಾಗಿ ಎತ್ತಿ ಎಸೆದದ್ದನ್ನು ಕೇಳಿದ್ದಳು. ಅವ್ವನನ್ನು ಬಿಟ್ಟರೆ ಅವತ್ತು ನಗದೆ ಇದ್ದ ದೊಡ್ಡವಳು ಅವಳೊಬ್ಬಳೇ. ಈಗ ತಾನು ಅದೇ ಮಾತನ್ನು ಹೆಕ್ಕಿ ಕಾಕನ ಕಡೆಗೆ ಎಸೆದರೆ, ದಾರಿಯಲ್ಲಿ ಅದು ಮೊದಲು ತಾಗುವುದು ಯಾರಿಗೆ?

ಗುಡಿಯಲ್ಲಿ ದೀಪ ಹಚ್ಚುವ ಹೊತ್ತಿಗೆ ಎದ್ದು ಹೊರಬಂದು ಮಹಾದೇವನಿಗೆ ಫೋನು ಮಾಡಿದಳು.

"ಹೇಳು. ಬೈದಂಗ ಹೇಳಬ್ಯಾಡ. ಅಕಿ ಯಾವ ಊರಾಕಿ, ಯಾರ ಮಗಳು, ಎಲ್ಲಾ ಹೇಳು. ಮೂರು ವರ್ಷದ ಮಲಮಗನ್ನ ಸೊಂಟದ ಮ್ಯಾಲ ಹೊತ್ತು ಬೆಳಿಸ್ಯಾಳ, ಅದನ್ನೂ ಹೇಳು. ಗೌಡಕಿ ಹೇಳಿದಂಗ ಎದಿ ಉಬ್ಬಿಸಿ ಹೇಳು. ನಮ್ಮವ್ವಂದೂ ಹಂಗೇ."

"ಹಂಗಾದ್ರ ಸೂರ್ಯಕಾಂತಪ್ಪಗ ನೋವಾಗಂಗಿಲ್ಲ ಬಿಡ್ರಿ."

"ಆಗ್ತದ" ಎಂದಳು ಜಯದೇವಿ. "ನೀ ಹೊಗಳಿದಷ್ಟೂ ಅವನಿಗೆ ಆಗ್ತದ."

ಕಾರ್ಯಕ್ರಮದ ದಿನ ಕಮಲಾಪುರದ ಅಂಗಳದಲ್ಲಿ ಶಾಮಿಯಾನ. ಹಳೆಯ ಮನೆ ಕೆಡವಿ ಕಟ್ಟಿದ ಮಾರ್ಬಲ್ ಮನೆ. ಅಂಗಳ ಮಾತ್ರ ಅದೇ. ಗುರುಲಿಂಗಪ್ಪನ ಫೋಟೋಕ್ಕೆ ಆಳುದ್ದದ ಹಾರ. ಮುನ್ನೂರು ಮಂದಿ. ಮೊದಲ ಸಾಲಿನಲ್ಲಿ ಸೂರ್ಯಕಾಂತನ ಹೊಸ ಬೀಗರು. ಅವರ ಪಕ್ಕದಲ್ಲಿ ಜಯದೇವಿಯೇ ಕೈ ಹಿಡಿದು ಕೂರಿಸಿದ ಅತ್ತೆ, ಸೂರ್ಯಕಾಂತನ ತಾಯಿ ಎಂಬತ್ತೈದರ ಕಾಕಿ, ಬಡಿಗ ಮೌನೇಶ. ಜಯದೇವಿ ಕೂರಲಿಲ್ಲ. ಅವರ ಮುಖ ಕಾಣುವಂತೆ ಎದುರಿಗೆ ಬಂದು ನಿಂತಳು.

ಮಹಾದೇವ ಎತ್ತಿನ ಮೇಲೆ ಬಂದ. ಹಗ್ಗ ಅವನ ಹೆಂಡತಿಯ ಕೈಯಲ್ಲಿ. ಎಪ್ಪತ್ತು ದಾಟಿದರೂ ದನಿ ಕುಂದಿರಲಿಲ್ಲ. ಮೂಲಪುರುಷ ಯಾವ ಊರಿನಿಂದ ಬಂದ, ಎಲ್ಲಿ ಬಾವಿ ತೋಡಿಸಿದ ಎಂದು ಶುರು ಮಾಡಿದ. ಮಂದಿ ತಲೆದೂಗಿದರು. ಮಲ್ಲಿಕಾ ಮೊಬೈಲು ಎತ್ತಿ ಹಿಡಿದಿದ್ದಳು. ಸೂರ್ಯಕಾಂತ ಬೀಗರ ಕಡೆ ಬಾಗಿ ಏನೋ ವಿವರಿಸುತ್ತಿದ್ದ.

"ಬಸಲಿಂಗಪ್ಪಗ ಇಬ್ಬರು ಹೆಂಡಿರು. ಹಿರಿಯಾಕಿ ದೇವೀಂದ್ರಪ್ಪನ್ನ ಹಡದು ಶಿವನ ಪಾದ ಸೇರಿದಳು. ಆಗ ಹರಸೂರಿನ ಮಲ್ಲಣ್ಣನ ಮಗಳು ಭಾಗಮ್ಮ, ಗಂಡನ್ನ ಕಳಕೊಂಡಾಕಿ, ಉಡಿಕಿ ಆಗಿ ಈ ಮನಿ ತುಂಬಿದಳು. ತಾನು ಹಡೀಲಾರದ ಕೂಸನ್ನ ಸೊಂಟದ ಮ್ಯಾಲ ಹೊತ್ತು ಬೆಳಿಸಿದಳು. ಆ ಉಡಿಕಿ ಭಾಗಮ್ಮನ ಹೊಟ್ಟಿಲೆ ಹುಟ್ಟಿದಾಂವ ಗುರುಲಿಂಗಪ್ಪ."

ಸೂರ್ಯಕಾಂತನ ಮಾತು ಅರ್ಧಕ್ಕೇ ನಿಂತಿತು. ಬೀಗರು ಹಾರ ಹಾಕಿದ ಫೋಟೋ ನೋಡಿದರು, ಆಮೇಲೆ ಸೂರ್ಯಕಾಂತನನ್ನು. ಮೌನೇಶ ಚಪ್ಪಲಿ ನೋಡತೊಡಗಿದ. ಜಯದೇವಿ ಒಂದೊಂದೇ ಮುಖ ನಿಧಾನವಾಗಿ ನೋಡಿದಳು, ಬಹಳ ಹಸಿದವರು ತಾಟಿನ ಸುತ್ತ ನೋಡುವಂತೆ.

"ದೇವೀಂದ್ರಪ್ಪನ ಮೊದಲ ಹೆಂಡತಿ ಮಕ್ಕಳಿಲ್ಲದೇ ತೀರಿದಳು. ಎರಡನೇ ಹೆಂಡತಿ ಮಾನಮ್ಮ. ಅತ್ತಿ ಭಾಗಮ್ಮ ಬಂದ ದಾರೀಲೇ ಬಂದಾಕಿ, ಉಡಿಕಿ. ಅಕಿ ಮಗಳು ಜಯದೇವಿ. ಬಳ್ಳಿ ನಿಂತಿಲ್ಲ, ನಡದದ."

ಸೂರ್ಯಕಾಂತ ಎದ್ದು ಬಂದ. ಮೈಕಿಗೆ ಕೇಳದಂತೆ ಹಲ್ಲು ಕಚ್ಚಿ ಹೇಳಿದ. "ನಿಲ್ಲಸು ಇವನ್ನ. ನಮ್ಮ ಅಜ್ಜೀನ್ನ ಬೀದಿಗೆ ತಂದಿ."

"ಅಜ್ಜೀನ್ನ ಅಲ್ಲಣ್ಣ. ಅಕಿ ಹೆಸರು ಇವತ್ತ ಇಷ್ಟು ಚಂದಾಗಿ ಮೊದಲ ಸಲ ಬಂತು. ಒಬ್ಬರನ್ನೂ ಬಿಡದಂಗ ಅಂತ ವಿಭೂತಿ ಮುಟ್ಟಿ ಹೇಳಿದಾಂವ ನೀನು. ಹೋಗಿ ಕೂಡು. ಇನ್ನೂ ನಿನ್ನ ಹೆಸರು ಬರಬೇಕು."

ಮುನ್ನೂರು ಮಂದಿ ನೋಡುತ್ತಿದ್ದರು. ಅವನು ಹೋಗಿ ಕೂತ. ಅವನ ಹೆಸರು ಬಂತು, ಮಕ್ಕಳ ಹೆಸರು ಬಂತು. ಮುಗಿದ ಮೇಲೆ ಜಯದೇವಿ ಐದು ಸೇರು ಜೋಳ, ಒಂದು ಕಂಬಳಿ, ಒಂದು ಇಳಕಲ್ ಸೀರೆ ಕೊಟ್ಟು ಮಹಾದೇವನ ಎತ್ತಿನ ಕಾಲು ಮುಟ್ಟಿ ನಮಸ್ಕರಿಸಿದಳು. ಅವ್ವ ಅವತ್ತು ಕೇಳಿದ ಪ್ರಶ್ನೆಗೆ ಮನಸ್ಸಿನಲ್ಲೇ ಹೌದು ಎಂದಳು.

ಅತ್ತೆ ಕಾರಿನಲ್ಲಿ ಹೋಗಿ ಕೂತುಬಿಟ್ಟಿದ್ದಳು. ಕಾಕಿ ಮಾತ್ರ ಕುರ್ಚಿಯಿಂದ ಏಳದೆ ಜಯದೇವಿಯನ್ನು ಕರೆದಳು.

"ಈಗ ಹೊಟ್ಟಿ ತಣ್ಣಗಾತೇನು?"

"ಇನ್ನೂ ಇಲ್ಲ ಕಾಕಿ. ಊಟ ಮಾಡಿ ನೋಡ್ತೀನಿ."

ಊಟದ ಮೊದಲ ಪಂಕ್ತಿಯ ನಡುವೆ, ಬೀಗರ ಎದುರಿಗೆ, ಆಕೆ ಕೂತಳು. ಹೂರಣದ ಹೋಳಿಗೆ ಬಂತು, ಕಟ್ಟಿನ ಸಾರು ಬಂತು. ತುಪ್ಪ ಬಡಿಸುವುದು ಮನೆಯ ಯಜಮಾನನ ಕೆಲಸ. ಸೂರ್ಯಕಾಂತ ತಂಬಿಗೆ ಹಿಡಿದು ಒಬ್ಬೊಬ್ಬರಿಗೆ ಬಡಿಸುತ್ತ ಬಂದ. ಜಯದೇವಿಯ ಎಲೆಯ ಮುಂದೆ ಅವನ ಕಾಲು ತಡೆದವು. ಆಚೀಚೆಯವರು ಉಣ್ಣುವುದನ್ನು ಬಿಟ್ಟು ನೋಡಿದರು. ಅವನು ಬಾಗಿ ತಂಬಿಗೆ ವಾಲಿಸಿದ.

ಸಾಕೆನ್ನಲು ಎಲೆಗೆ ಕೈ ಅಡ್ಡ ಹಿಡಿಯುವುದು ಎಲ್ಲರ ರೂಢಿ. ಹಿಡಿಯುವವರೆಗೆ ಬಡಿಸುವವನು ನಿಲ್ಲಿಸುವಂತಿಲ್ಲ. ಹೋಳಿಗೆ ತೊಯ್ದು, ತುಪ್ಪ ಅನ್ನದವರೆಗೆ ಹರಿದು ಎಲೆಯ ಅಂಚಿಗೆ ಬಂತು. ಸೂರ್ಯಕಾಂತ ಬಾಗಿದ್ದವನು ಬಾಗಿಯೇ ಇದ್ದ. ಜಯದೇವಿ ಎಡಗೈಯನ್ನು ಮಡಿಲಲ್ಲಿಟ್ಟುಕೊಂಡು, ಬಲಗೈಯಿಂದ ಹೋಳಿಗೆಯ ಒಂದು ತುಣುಕು ಮುರಿದು ಬಾಯಿಗಿಟ್ಟುಕೊಂಡಳು.